ಅಣ್ಣನ ಗಾಡಿಯ ಗಾಲಿ

ಹೋದವರ ವಸ್ತುವನ್ನು ಇದ್ದಂತೆಯೇ ಇಟ್ಟುಕೊಳ್ಳುವುದು ನಿಷ್ಠೆಯೋ, ಕಾಲಕ್ಕೆ ತಕ್ಕಂತೆ ಬದಲಾಯಿಸಿ ಬಳಸುವುದು ನಿಷ್ಠೆಯೋ? ಮನೆ, ಮಠ, ಆಚಾರಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ನಾನು ಕೇಳಿಕೊಂಡದ್ದುಂಟು. ಮೋಟಾರಿನ ಟೈರಿನ ವಿಷಯದಲ್ಲಿಯೂ ಕೇಳಿಕೊಳ್ಳಬೇಕಾದೀತೆಂದು ಎಣಿಸಿರಲಿಲ್ಲ.

ನನ್ನ ಅಣ್ಣ ಇಂಗ್ಲೆಂಡಿನಲ್ಲಿ ಎಂಜಿನಿಯರಾಗಿದ್ದವನು. ಅವನ ಬಳಿ 1972ರ ಎಂಜಿಬಿ ಗಾಡಿಯೊಂದಿತ್ತು. ಎರಡೇ ಆಸನ, ಮಡಿಸುವ ಬಟ್ಟೆಯ ಚಾವಣಿ, ತಂತಿಕಡ್ಡಿಗಳ ಚಕ್ರ. ಆಕ್ಸ್‌ಫರ್ಡಿನ ಬಳಿಯ ಆಬಿಂಗ್‌ಡನ್ನಿನಲ್ಲಿ 1962ರಿಂದ 1980ರವರೆಗೆ ತಯಾರಾದ ಜಾತಿ ಅದು. ಅಣ್ಣ ಹೋದ ಮರುವರ್ಷ ನಾನು ಅಲ್ಲಿಗೆ ಹೋದಾಗ ಅವನ ಮಗ ಹೊದಿಕೆ ಸರಿಸಿ ಗಾಡಿಯನ್ನು ತೋರಿಸಿದ.

"ಚಿಕ್ಕಪ್ಪ, ಇದಕ್ಕೆ 17 ಅಂಗುಲದ ಹೊಸ ಚಕ್ರ ಹಾಕಿಸೋಣವೆಂದಿದ್ದೇನೆ. ನೋಡಲು ಗತ್ತಾಗಿರುತ್ತದೆ."

"ನಿಮ್ಮಪ್ಪ ಹಾಕಿಸಿದ ಟೈರುಗಳಿಗೆ ಏನಾಗಿದೆಯೋ? ಒಂದಿಷ್ಟೂ ಸವೆದಿಲ್ಲವಲ್ಲ!" ಎಂದೆ. ನನ್ನ ದನಿ ಸ್ವಲ್ಪ ಗಡುಸಾಗಿಯೇ ಇದ್ದಿರಬೇಕು.

ಅವನು ಮಾತಾಡದೆ ಟೈರಿನ ಪಕ್ಕಕ್ಕೆ ಟಾರ್ಚು ಹಿಡಿದ. ಅಲ್ಲಿ ನಾಲ್ಕು ಸಣ್ಣ ಅಂಕಿಗಳಿದ್ದುವು: 2306. ಎಂದರೆ 2006ನೆಯ ಇಸವಿಯ 23ನೆಯ ವಾರದಲ್ಲಿ ಎರೆದ ರಬ್ಬರು. ರಬ್ಬರು ಓಡದೆ ನಿಂತಿದ್ದರೂ ಮುದಿಯಾಗುತ್ತದೆ. ಗಡುಸಾಗಿ ಒದ್ದೆ ರಸ್ತೆಯ ಮೇಲೆ ಹಿಡಿತ ಕಳೆದುಕೊಳ್ಳುತ್ತದೆ. ಬೆರಳಾಡಿಸಿದೆ, ಕೂದಲೆಳೆಯಂಥ ಬಿರುಕುಗಳು ತಗುಲಿದುವು. ಅಪ್ಪ ನೆಟ್ಟ ಆಲದ ಮರವೆಂದು ಯಾರಾದರೂ ನೇಣು ಹಾಕಿಕೊಳ್ಳುತ್ತಾರೆಯೆ ಎಂಬ ಗಾದೆ ನೆನಪಾಯಿತು. ಹಗ್ಗ ಕಟ್ಟಿಕೊಡುತ್ತಿದ್ದವನು ನಾನೇ ಎಂಬುದೂ ಹೊಳೆಯಿತು.

ಆದರೆ ನಾನು ತಪ್ಪಿದೆನೆಂದ ಮಾತ್ರಕ್ಕೆ ಹುಡುಗ ಸರಿಯಾದನೆ? ರಾತ್ರಿ ಇಬ್ಬರೂ ಕಾಗದ ಹಿಡಿದು ಕುಳಿತೆವು. ಅಣ್ಣನ ಟೈರು 165/80, 14 ಅಂಗುಲದ್ದು. ಅಗಲ 165 ಮಿಲಿಮೀಟರು. ಅದರ ನೂರಕ್ಕೆ 80 ಭಾಗ, ಎಂದರೆ 132, ಪಕ್ಕದ ಗೋಡೆಯ ಎತ್ತರ. ಮೇಲೊಂದು ಗೋಡೆ, ಕೆಳಗೊಂದು ಗೋಡೆ, ನಡುವೆ 14 ಅಂಗುಲದ ಚಕ್ರ. ಒಟ್ಟು ಸುಮಾರು 620. ಹುಡುಗ ಬಯಸಿದ 205/50, 17 ಅಂಗುಲದ್ದು ಸುಮಾರು 637.

"ಹದಿನೇಳು ಮಿಲಿಮೀಟರು ತಾನೆ!" ಎಂದ.

ವೇಗದ ಮೀಟರು ರಸ್ತೆಯನ್ನು ಕಂಡದ್ದಲ್ಲ. ಅದು ಎಣಿಸುವುದು ಸುತ್ತುಗಳನ್ನು. ಗಾಲಿ ದೊಡ್ಡದಾದರೆ ಒಂದೊಂದು ಸುತ್ತಿಗೂ ಗಾಡಿ ಹೆಚ್ಚು ದೂರ ಹೋಗುತ್ತದೆ. ಅಣ್ಣನ ಟೈರಿನ ಮೇಲೆ 70 ಮೈಲಿ ನಿಜವಾಗಿದ್ದರೆ, ಹೊಸದರ ಮೇಲೆ ಮುಳ್ಳು 70 ತೋರಿಸುವಾಗ ಗಾಡಿ ಸುಮಾರು 72ರಲ್ಲಿರುತ್ತದೆ. ಪ್ರಾಮಾಣಿಕವಾದ ಯಂತ್ರವನ್ನು ಅದಕ್ಕೆ ತಿಳಿಯದಂತೆಯೇ ಸುಳ್ಳುಗಾರನನ್ನಾಗಿ ಮಾಡಿದಂತೆ! ಇಷ್ಟೇ ಅಲ್ಲ. ಗೋಡೆ ಗಿಡ್ಡವಾದರೆ ರಸ್ತೆಯ ಕುಳಿ ನೇರವಾಗಿ ಬೆನ್ನುಮೂಳೆಗೆ ಬಡಿಯುತ್ತದೆ. ಟೈರು ಅಗಲವಾದರೆ ಸ್ಟಿಯರಿಂಗು ಭಾರವಾಗುತ್ತದೆ. ತಿರುವಿನಲ್ಲಿ ಗಾಲಿ ಮೇಲಿನ ತಗಡಿಗೆ ಉಜ್ಜೀತು. ಅಳತೆಯೆಂಬುದು ಅಲಂಕಾರವಲ್ಲ. ಒಂದು ಭಾಗ ಉಳಿದ ಭಾಗಗಳಿಗೆ ಕೊಟ್ಟ ಮಾತು ಅದು.

ಹಾಗೆಂದು ಹಳೆಯದೆಲ್ಲ ಪವಿತ್ರವೂ ಅಲ್ಲ. 1962ರಲ್ಲಿ ಈ ಜಾತಿಯ ಗಾಡಿ ಹೊರಬಂದಾಗ ಅದಕ್ಕೆ ಇದ್ದದ್ದು ಅಡ್ಡ ಹೆಣಿಗೆಯ ಹಳೆಯ ಬಗೆಯ ಟೈರು. ಅಣ್ಣ ಹಾಕಿಸಿದ್ದು ರೇಡಿಯಲ್. ನಾನು "ಮೂಲ" ಎಂದು ಹಿಡಿದುಕೊಂಡಿದ್ದುದೇ ಒಂದು ಸುಧಾರಣೆಯಾಗಿತ್ತು! 185/65, 15 ಅಂಗುಲದ್ದನ್ನೂ ಲೆಕ್ಕ ಹಾಕಿದೆವು: ಸುಮಾರು 621. ಚಕ್ರ ಬೇರೆ, ಟೈರು ಬೇರೆ. ಆದರೂ ಮಾತು ಉಳಿಯುತ್ತದೆ. ಬದಲಾವಣೆಯೆಲ್ಲ ದ್ರೋಹವಲ್ಲ, ಯಥಾಸ್ಥಿತಿಯೆಲ್ಲ ಭಕ್ತಿಯಲ್ಲ. ಬದಲಾಯಿಸುವ ಮೊದಲು, ಇದನ್ನು ನಂಬಿಕೊಂಡು ಇನ್ನೇನೇನು ನಡೆಯುತ್ತಿದೆ ಎಂದು ವಿಚಾರಿಸುವುದೇ ನಿಷ್ಠೆ ಎಂದು ನನಗೀಗ ತೋರುತ್ತದೆ.

ಯಾವುದನ್ನು ಆರಿಸಬೇಕೆಂದು ನಾನು ಹೇಳಲಿಲ್ಲ. ಗಾಡಿ ಅವನದು; ಓಡಿಸುವ ಜೀವವೂ ಅವನದೇ. ವಾರದ ಮೇಲೆ ಅವನು ತಂತಿಕಡ್ಡಿಯ ಚಕ್ರಗಳನ್ನೇ ಉಳಿಸಿಕೊಂಡು 165ರ ಹೊಸ ಟೈರು, ಹೊಸ ಟ್ಯೂಬು ಹಾಕಿಸಿದ. ಸಂಜೆ ಅಣ್ಣನ ಲೆಕ್ಕದ ಪುಸ್ತಕ ತೆರೆದು, ಅಣ್ಣ ಬರೆದಿದ್ದ 2306ರ ಕೆಳಗೆ ಹೊಸ ನಾಲ್ಕು ಅಂಕಿಗಳನ್ನು ಬರೆದ. ಅಕ್ಷರ ಬೇರೆ, ಸಾಲು ಮಾತ್ರ ಅದೇ.