ಒಳಗಿನ ಕಲಾಯಿ

ಬಡಿಸುವ ಪಾತ್ರೆಗೆ ಅಲಂಕಾರವೇಕೆ? ಹಸಿದವನಿಗೆ ಬೇಕಾದುದು ಅನ್ನವೇ ಹೊರತು ಅನ್ನವಿಟ್ಟ ಪಾತ್ರೆಯ ಅಂದವಲ್ಲ. ಸರಳತೆಯನ್ನು ಮೆಚ್ಚುವವರು ಕೇಳುವ ಈ ಪ್ರಶ್ನೆ ತಳ್ಳಿಹಾಕುವಂಥದಲ್ಲ. ಇದಕ್ಕೆ ಉತ್ತರವನ್ನು ಗ್ರಂಥಗಳಲ್ಲಿ ಅರಸುವ ಮುನ್ನ, ಪುಣೆಯ ಕಸಬಾ ಪೇಠೆಯಲ್ಲಿರುವ ತಾಂಬಟ ಆಳಿಯ, ಎಂದರೆ ತಾಮ್ರದ ಕುಶಲಕರ್ಮಿಗಳ ಬೀದಿಯ, ಸುತ್ತಿಗೆಯ ಸದ್ದಿಗೆ ಕಿವಿಗೊಡುವುದು ಲೇಸು.

ಪೇಶ್ವೆಯರ ಕಾಲದಲ್ಲಿ ಕೊಂಕಣದಿಂದ ಬಂದು ನೆಲೆಸಿದವರ ಕಸುಬು ಇದು. ತಾಮ್ರದ ತಗಡು ಬಡಿದಂತೆಲ್ಲ ಗಡುಸಾಗುತ್ತದೆ. ಮಿತಿಮೀರಿ ಬಡಿದರೆ ಬಿರಿಯುತ್ತದೆ. ಇದನ್ನರಿತ ಕೆಲಸಗಾರನು ನಡುನಡುವೆ ಅದನ್ನು ಬೆಂಕಿಗಿಟ್ಟು, ಮೆತ್ತಗಾಗಿಸಿ, ಮತ್ತೆ ಬಡಿಯುತ್ತಾನೆ. ಬೋಗುಣಿಯೋ ಹರಿವಾಣವೋ ರೂಪುಗೊಂಡ ಮೇಲೆ ಅದರ ಮೈತುಂಬ ಸಾಲುಸಾಲಾಗಿ ಸುತ್ತಿಗೆಯ ಗುರುತುಗಳನ್ನು ಮೂಡಿಸುತ್ತಾನೆ. ಮರಾಠಿಯಲ್ಲಿ ಇದಕ್ಕೆ ಮಠಾರ ಕಾಮ ಎಂದು ಹೆಸರು. ಒಂದೊಂದು ಗುರುತೂ ಪುಟ್ಟ ಕನ್ನಡಿಯಂತೆ ಬೆಳಕನ್ನು ಹಿಡಿಯುತ್ತದೆ. ನೋಡುವವರಿಗೆ ಅದು ಚಿತ್ತಾರ. ಆದರೆ ಪಾತ್ರೆಗೆ ಗಟ್ಟಿತನವನ್ನು ಕೊಡುವುದೂ ಆ ಪೆಟ್ಟುಗಳೇ. ಇಲ್ಲಿ ಚೆಲುವು ಬೇರೆ, ಬಲ ಬೇರೆ ಎಂಬ ಭೇದವಿಲ್ಲ.

ಆದರೂ ತಾಮ್ರಕ್ಕೆ ಒಂದು ದೋಷವುಂಟು. ಹುಳಿ, ಮೊಸರುಗಳು ಸೋಂಕಿದರೆ ಲೋಹವು ಆಹಾರದೊಳಗೆ ಇಳಿದು ಅದನ್ನು ಕೆಡಿಸುತ್ತದೆ. ಆದ್ದರಿಂದಲೇ ಒಳಮೈಗೆ ಕಲಾಯಿ. ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿಯನ್ನು ಎರಚಿ, ಕರಗಿದ ತವರವನ್ನು ಅರಳೆಯಿಂದ ಮೂಲೆಮೂಲೆಗೂ ಸವರಬೇಕು. ಹೊರಗಿನ ಕೆಂಬಣ್ಣದ ಕಾಂತಿಯ ಮುಂದೆ ಈ ಬಿಳಿಯ ಲೇಪ ಸಪ್ಪೆಯೇ ಸರಿ. ಸಾರು ಹುಯ್ದೊಡನೆ ಅದು ಕಣ್ಣಿಗೂ ಮರೆಯಾಗುತ್ತದೆ. ಪಂಕ್ತಿಯಲ್ಲಿ ಕುಳಿತ ಅತಿಥಿ ಪಾತ್ರೆಯೊಳಗೆ ಇಣುಕಿ ಪರೀಕ್ಷಿಸುವುದಿಲ್ಲ, ನಂಬಿ ಉಣ್ಣುತ್ತಾನೆ.

ನೀತಿಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಹೊರಗಿನ ಅಂದವೆಂಬುದು ಅತಿಥಿಗೆ ಕೊಟ್ಟ ಮಾತು. ಒಳಗೆ ಕಲಾಯಿ ಸವೆದಿದ್ದರೆ, ಪಾತ್ರೆ ಎಷ್ಟು ಚೆಲುವೋ ಅಷ್ಟೇ ಕೇಡು. ಏಕೆಂದರೆ ಆ ಚೆಲುವೇ ನಂಬಿಕೆಯನ್ನು ಹುಟ್ಟಿಸಿತು. ಅಲಂಕಾರವು ದೋಷವಲ್ಲ, ಕೊಟ್ಟ ಮಾತನ್ನು ನಡೆಸದ ಅಲಂಕಾರವೇ ದೋಷ. ಸವಿನುಡಿ, ಸಭ್ಯ ಉಡುಪು, ಮನೆಯ ದೇವರ ಮಂಟಪದ ಸಿಂಗಾರ ಇವೆಲ್ಲಕ್ಕೂ ಈ ಮಾತು ಸಲ್ಲುತ್ತದೆ.

ಇನ್ನೊಂದು ಸೂಕ್ಷ್ಮವೂ ಇದೆ. ಸುತ್ತಿಗೆಯ ಗುರುತು ಬಹುಕಾಲ ಉಳಿಯುತ್ತದೆ. ಕಲಾಯಿಯಾದರೋ ಬಳಸಿದಂತೆಲ್ಲ ಸವೆಯುತ್ತದೆ. ಮಾಡಿದವನ ಹೊಣೆ ಮುಗಿದ ಮೇಲೆ ಬಳಸುವವನ ಹೊಣೆ ಮೊದಲಾಗುತ್ತದೆ. ಕಾಲಕಾಲಕ್ಕೆ ಮತ್ತೆ ಬೆಂಕಿಗಿಟ್ಟು ಕಲಾಯಿ ಹಾಕಿಸದಿದ್ದರೆ ನಿಪುಣನು ಮಾಡಿದ ಪಾತ್ರೆಯೂ ಬಡಿಸಲು ಯೋಗ್ಯವಲ್ಲ. ಅಂತರಂಗದ ಶುಚಿಯೂ ಹೀಗೆಯೇ. ಹಿರಿಯರಿಂದ ಒಮ್ಮೆ ಪಡೆದ ಸಂಸ್ಕಾರ ಬಾಳಿಡೀ ತಾನಾಗಿ ಉಳಿಯದು.

12ನೆಯ ಶತಮಾನದ ಶರಣರು ಕಾಯಕವನ್ನು ದಾಸೋಹದೊಡನೆ ಬೆಸೆದರು. ಬಡಿಸುವ ಪಾತ್ರೆಯಲ್ಲಿ ಅವೆರಡೂ ಕಣ್ಣಿಗೆ ಕಾಣುವಂತೆ ಕೂಡುತ್ತವೆ: ಒಬ್ಬನು ದುಡಿದು ಮಾಡಿದುದು, ಮತ್ತೊಬ್ಬನು ಪರರಿಗೆ ನೀಡಲು ಹಿಡಿಯುವುದು. ಆಯುಧಪೂಜೆಯಂದು ಸುತ್ತಿಗೆಗೆ ಕುಂಕುಮವಿಡುವ ಕೈ ಪಾತ್ರೆಯ ಒಳಮೈಯನ್ನೂ ಒಮ್ಮೆ ಸವರಿ ನೋಡಲಿ. ಯಾರೂ ಕಾಣದ ಆ ಎಡೆಯಲ್ಲಿ ಮಾಡಿದ ಕೆಲಸವೇ ದೇವಿಗೆ ಸಲ್ಲುವ ನಿಜವಾದ ನೈವೇದ್ಯ.