ಅಣಬೆಯೂ ಏರ್‌ಡ್ರಾಪೂ

ಜೋಯಿಡಾದ ಕಾಡಂಚಿನಲ್ಲಿ ಮುಂಗಾರು ಗುಡುಗಿದ ಮೇಲೆ ಹುತ್ತದ ಸುತ್ತ ಅಣಬೆ ಏಳುತ್ತವೆ. ಬೆಳಗಿನ ಜಾವ ಬುಟ್ಟಿ ಹಿಡಿದು ಹೊರಟವರಿಗೆ ಎಲ್ಲಿ ಸಿಕ್ಕೀತು, ಎಷ್ಟು ಸಿಕ್ಕೀತು ಎಂಬ ಅಂದಾಜು ಇರುವುದಿಲ್ಲ. ನಂಬಿ ಹೋದ ಹುತ್ತ ಬರಿದಾಗಿರುತ್ತದೆ, ನೆನೆಸದ ಕಡೆ ಬೆಳ್ಳಗೆ ಹರಡಿಕೊಂಡಿರುತ್ತವೆ. ಆ ಹುಡುಕಾಟದ ಖುಷಿ ಸಂತೆಯಲ್ಲಿ ಕೊಂಡು ತಂದದ್ದಕ್ಕೆ ಬರುವುದಿಲ್ಲ.

ದಾಂಡೇಲಿಯ ಬಸ್ ಸ್ಟ್ಯಾಂಡಿನಲ್ಲಿ, ಹಳಿಯಾಳದ ಕಟ್ಟೆಗಳ ಮೇಲೆ, ಜೋಯಿಡಾದಲ್ಲಿ ಸಿಗ್ನಲ್ ಸಿಗುವ ಗುಡ್ಡದ ತಿರುವಿನಲ್ಲಿ ಮೊಬೈಲಿನಲ್ಲಿ ಬಿಜಿಎಂಐ ಎಂಬ ಆಟ ಆಡುತ್ತ ಕೂತ ಹುಡುಗರನ್ನು ಕಂಡಾಗ ನನಗೆ ಮೊದಲು ನೆನಪಾಗುವುದು ಈ ಅಣಬೆಯ ಬುಟ್ಟಿಯೇ. ಆ ಆಟದಲ್ಲಿ ನೂರು ಜನ ಬರಿಗೈಯಲ್ಲಿ ವಿಮಾನದಿಂದ ದ್ವೀಪಕ್ಕೆ ಧುಮುಕುತ್ತಾರೆ. ಮನೆಮನೆ ನುಗ್ಗಿ ಬಂದೂಕು, ಗುಂಡು, ಬ್ಯಾಂಡೇಜು ಹೆಕ್ಕುತ್ತಾರೆ. ಒಂದು ಮನೆಯಲ್ಲಿ ಬರೀ ಬಾಣಲೆ, ಪಕ್ಕದ ಮನೆಯಲ್ಲಿ ಎಂ416 ಬಂದೂಕು. ಕೆಂಪು ಹೊಗೆ ಬಿಡುತ್ತ ಆಕಾಶದಿಂದ ಏರ್‌ಡ್ರಾಪ್ ಪೆಟ್ಟಿಗೆ ಬಿದ್ದರೆ ಸಾಯುವುದು ಗೊತ್ತಿದ್ದೂ ಓಡುತ್ತಾರೆ. "ಏ, ಲೆವೆಲ್ ತ್ರೀ ಹೆಲ್ಮೆಟ್ ಐತಿಲ್ಲೆ, ತಗೋ ಬಾರಲೇ" ಎಂದು ಒಬ್ಬ ತನ್ನ ಗೆಳೆಯನನ್ನು ಕೂಗುತ್ತಾನೆ. ತನ್ನ ತಲೆಗೇ ಇಟ್ಟುಕೊಳ್ಳಬಹುದಿತ್ತು, ಕೊಟ್ಟುಬಿಟ್ಟ. ಅರ್ಧ ಗಂಟೆಯಲ್ಲಿ ಆಟ ಮುಗಿದರೆ ಹೆಕ್ಕಿದ್ದೆಲ್ಲ ಅಲ್ಲೇ ಉಳಿಯಿತು; ಮುಂದಿನ ಆಟಕ್ಕೆ ಮತ್ತೆ ಬರಿಗೈ. ಗುಂಡಿನ ಸದ್ದು ನನಗೆ ಹಿಡಿಸುವುದಿಲ್ಲ, ಆದರೂ ಈ ಬರಿಗೈಯ ಬಗ್ಗೆ ನನಗೆ ತಕರಾರಿಲ್ಲ.

ತಕರಾರು ಇರುವುದು ಅದೇ ಆಟದ ಇನ್ನೊಂದು ಪರದೆಯ ಮೇಲೆ. ಅಲ್ಲಿ ಕ್ರೇಟ್ ಎಂಬ ಪೆಟ್ಟಿಗೆಗಳಿವೆ. ರೊಕ್ಕ ಕೊಟ್ಟು ಯುಸಿ ಎಂಬ ಆಟದ ನಾಣ್ಯ ಕೊಳ್ಳಬೇಕು, ಯುಸಿ ಕೊಟ್ಟು ಕ್ರೇಟ್ ತೆರೆಯಬೇಕು. ಬಹಳ ಸಲ ಬರುವುದು ಬೇಡದ ವಸ್ತು. ಎಂದೋ ಒಮ್ಮೆ, ಹಿಮ ಮೆತ್ತಿದಂತೆ ಹೊಳೆಯುವ ಬಂದೂಕಿನ ಸ್ಕಿನ್. ಕಾಡು ಯಾರ ಕಿಸೆಯನ್ನೂ ನೋಡಿಕೊಂಡು ಅಣಬೆ ಎಬ್ಬಿಸುವುದಿಲ್ಲ. ಇಲ್ಲಿ ಮಾತ್ರ ಎಷ್ಟು ಸಲಕ್ಕೊಮ್ಮೆ ಕೊಡಬೇಕು ಎಂಬುದನ್ನು ಯಾರೋ ಕೂತು ಲೆಕ್ಕ ಹಾಕಿದ್ದಾರೆ. ಅಣಬೆ ಮಧ್ಯಾಹ್ನಕ್ಕೆ ಸಾರಾಗಿ ತೀರುತ್ತದೆ. ಇದು ತೀರುವುದೂ ಇಲ್ಲ, ಹೊಟ್ಟೆ ತುಂಬಿಸುವುದೂ ಇಲ್ಲ.

ಬೆಲ್ಜಿಯಂ 2018ರಲ್ಲೇ ಇಂಥ ಪೆಟ್ಟಿಗೆಗಳನ್ನು ಜೂಜೆಂದು ಕರೆಯಿತು. ನಮ್ಮಲ್ಲಿ 2020ರ ಸೆಪ್ಟೆಂಬರಿನಲ್ಲಿ ಪಬ್ಜಿ ನಿಷೇಧವಾದದ್ದು ದೇಶದ ಭದ್ರತೆಯ ಕಾರಣಕ್ಕೆ, ಪೆಟ್ಟಿಗೆಗಳ ಕಾರಣಕ್ಕಲ್ಲ. ಮರುವರ್ಷ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಬಂತು, 2022ರಲ್ಲಿ ಮತ್ತೆ ಮರೆಯಾಯಿತು, 2023ರಲ್ಲಿ ಮರಳಿತು. ಆಗ ಹದಿನೆಂಟು ತುಂಬದವರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6 ಗಂಟೆ ಎಂಬ ಮಿತಿ ಬಿತ್ತು. ಗಂಟೆ ಎಣಿಸುವುದು ಸುಲಭ.

ಆಸೆ ಎಣಿಕೆಗೆ ಸಿಗುವುದಿಲ್ಲ. 2014ರಲ್ಲಿ ಬಂದ 'ಡೆಸ್ಟಿನಿ' ಎಂಬ ಆಟದಲ್ಲಿ ಒಂದು ಗುಹೆಯಿತ್ತು. ಅದರೊಳಗಿಂದ ವೈರಿಗಳು ಬಿಡುವಿಲ್ಲದೆ ಹೊರಬರುತ್ತಿದ್ದರು. ಆಟಗಾರರು ಕಥೆಯನ್ನೂ ಸಾಹಸವನ್ನೂ ಬಿಟ್ಟು ದೂರದಲ್ಲಿ ಸಾಲಾಗಿ ನಿಂತು ಆ ಕತ್ತಲಿಗೆ ಗುಂಡು ಹಾರಿಸುತ್ತಲೇ ಇದ್ದರು. ನಡುನಡುವೆ ಒಳಗೆ ಹೋಗಿ ಉದುರಿದ್ದನ್ನು ಬಾಚಿಕೊಂಡು ಬರುವುದು, ಮತ್ತೆ ಬಂದು ನಿಲ್ಲುವುದು. ಗಂಟೆಗಟ್ಟಲೆ ಹೀಗೆಯೇ. ಕೊನೆಗೆ ಆಟ ಕಟ್ಟಿದ ಕಂಪನಿಯೇ ಬೇಸತ್ತು, ಆಟ ಬಂದ ತಿಂಗಳಲ್ಲೇ ಆ ದಾರಿ ಮುಚ್ಚಿತು. ದುಡಿದು ದಣಿದವರು ಆಟಕ್ಕೆಂದು ಬಂದು ಅಲ್ಲೂ ಕೂಲಿಯನ್ನೇ ಹುಡುಕಿಕೊಂಡಿದ್ದರು!

ಈ ತೀರದ ಆಸೆಯ ಚಿತ್ರವೊಂದು ನಮ್ಮ ಹತ್ತಿರವೇ ಇದೆ. ಮುಂಡಗೋಡದ ಕ್ಯಾಂಪಿನಲ್ಲಿ 1966ರಿಂದ ಟಿಬೆಟನ್ನರು ನೆಲೆಸಿದ್ದಾರೆ. ಡ್ರೆಪುಂಗ್, ಗಾಡೆನ್ ಮಠಗಳು ಅಲ್ಲಿವೆ. ಅವರ ದೇಗುಲಗಳ ಬಾಗಿಲ ಬಳಿ ಭವಚಕ್ರ ಬರೆಯುವ ವಾಡಿಕೆಯಿದೆ. ಚಕ್ರದ ಒಂದು ಪಾಲು ಪ್ರೇತಲೋಕ. ಅಲ್ಲಿಯ ಪ್ರೇತಗಳಿಗೆ ಗುಡಾಣದಂಥ ಹೊಟ್ಟೆ, ಸೂಜಿಯಷ್ಟು ಗಂಟಲು. ಚಿತ್ರ ಬರೆದವರು ಆ ಪ್ರೇತಗಳನ್ನು ಕೆಟ್ಟವರೆಂದು ತೋರಿಸಿಲ್ಲ, ಹಸಿದವರೆಂದು ತೋರಿಸಿದ್ದಾರೆ. ಮೊಬೈಲ್ ಕಸಿದುಕೊಂಡು ಬೈಯುವ ನಾವು ಹುಡುಗರನ್ನು ಹಾಗೆ ನೋಡುವುದು ಕಡಿಮೆ.

ಆದ್ದರಿಂದ ನಮ್ಮ ಓಣಿಯ ಹುಡುಗನನ್ನು ಎಷ್ಟು ಹೊತ್ತು ಆಡಿದೆ ಎಂದು ಕೇಳಲಿಲ್ಲ. ಕ್ರೇಟಿಗೆ ಎಷ್ಟು ಹಾಕಿದೆ ಎಂದು ಕೇಳಿದೆ.

"ಹಾಕಿಲ್ರಿ ಕಾಕಾ" ಎಂದ. ತುಸು ತಡೆದು, "ಒಂದ್ ಸಲ ಇನ್ನೂರು ರೂಪಾಯಿ ಹಾಕಿದ್ದೆರಿ. ಒಂದ್ ಚೊಣ್ಣ ಬಂತು" ಎಂದು ತಾನೇ ನಕ್ಕ.