ಲಹರಿಯೂ ಲಯವೂ

‘ಲಹರಿ ಬಂದಾಗ ಬರೆಯುತ್ತೇನೆ’ ಎಂಬ ಮಾತನ್ನು ನಮ್ಮ ಬರಹಗಾರರ ಬಾಯಿಂದ ಎಷ್ಟೋ ಸಲ ಕೇಳಿದ್ದೇನೆ. ನಾನೂ ಬಹುಕಾಲ ಅದನ್ನೇ ಆಡಿಕೊಂಡು ಬಂದವನು. ಲಹರಿಯೆಂದರೆ ಅಲೆ, ಅಲೆಯೇಳುವುದು ಗಾಳಿಯ ಇಚ್ಛೆಯಿಂದ, ದಡದಲ್ಲಿ ನಿಂತವನ ಇಚ್ಛೆಯಿಂದಲ್ಲ, ಆದುದರಿಂದ ಲಹರಿಗಾಗಿ ಕಾಯುವವನು ತನಗರಿವಿಲ್ಲದಂತೆಯೇ ತನ್ನ ಕರ್ತೃತ್ವವನ್ನು ಬೇರಾವುದೋ ಶಕ್ತಿಗೆ ಒಪ್ಪಿಸಿ ಕೈಕಟ್ಟಿ ಕುಳಿತಿರುತ್ತಾನೆ. ಈ ಕಾಯುವಿಕೆಯಲ್ಲಿ ಒಂದು ಬಗೆಯ ವಿನಯವೂ ಇದೆಯೆಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ ಇಪ್ಪತ್ತು ವರ್ಷಗಳಿಂದ ನನ್ನ ಬೆಳಗುಗಳನ್ನು ಬರೆಯುವ ಮೇಜಿಗೂ ಒಂದು ಹಳೆಯ ಬುಲೆಟ್ ಮೋಟಾರ್‌ಸೈಕಲ್ಲಿಗೂ ಹಂಚಿಕೊಟ್ಟ ಮೇಲೆ, ಬರಹಗಾರನು ಅರಸಬೇಕಾದುದು ಲಹರಿಯನ್ನಲ್ಲ, ಲಯವನ್ನು ಎಂಬ ನಂಬಿಕೆ ನನ್ನಲ್ಲಿ ಬಲಿತಿದೆ. ಲಹರಿ ಬರುತ್ತದೆ, ಹೋಗುತ್ತದೆ. ಲಯವೋ, ಚಲಿಸತೊಡಗಿದವನಿಗೆ ಮಾತ್ರ ಲಭಿಸತಕ್ಕುದು.

ಹಳೆಯ ಬುಲೆಟ್ಟನ್ನು ಚಾಲೂ ಮಾಡುವ ಕ್ರಮ ಬಲ್ಲವರಿಗೆ ಗೊತ್ತು. ಕೀಲಿ ತಿರುಗಿಸಿ, ಕಿಕ್ಕರಿನ ಮೇಲೆ ಪಾದವಿಟ್ಟು ಮೆಲ್ಲಮೆಲ್ಲನೆ ಒತ್ತುತ್ತ ಹೋದರೆ, ಹೆಡ್‌ಲೈಟಿನ ಮೇಲ್ಗಡೆ ಕೂಡಿಸಿರುವ ಆಂಪಿಯರ್ ಮೀಟರಿನ ಮುಳ್ಳು, ಅದುವರೆಗೆ ಒಂದು ಕಡೆಗೆ ವಾಲಿದ್ದುದು, ಯಾವುದೋ ಒಂದು ಕ್ಷಣದಲ್ಲಿ ನಡುವಿಗೆ ಬಂದು ನಿಲ್ಲುತ್ತದೆ. ಆಗ ಎಡ ಹ್ಯಾಂಡಲಿನ ಬಳಿಯ ಡಿಕಂಪ್ರೆಶನ್ ಲಿವರನ್ನು ಎಳೆದು, ಪಿಸ್ಟನ್ನನ್ನು ಅದರ ಶಿಖರಸ್ಥಾನದಿಂದ ಕೂದಲೆಳೆಯಷ್ಟು ದಾಟಿಸಿ, ಲಿವರನ್ನು ಬಿಟ್ಟು, ಕಿಕ್ಕರನ್ನು ಮೇಲಕ್ಕೆ ಬರಗೊಟ್ಟು, ಅನಂತರ ಮೈಭಾರವನ್ನೆಲ್ಲ ಹಾಕಿ ಒಂದೇ ಸಲ ತುಳಿಯಬೇಕು. ಕ್ರಮ ತಪ್ಪಿದರೆ ಕಿಕ್ಕರು ತಿರುಗಿ ಒದೆಯುತ್ತದೆ. ಆ ಏಟು ತಿಂದ ಕಾಲು ಅದನ್ನು ವಾರಗಟ್ಟಲೆ ಮರೆಯುವುದಿಲ್ಲ. ಕಟ್ಟುಮಸ್ತಾದ ತರುಣರು ಹತ್ತಾರು ಸಲ ಒದ್ದು ಬೆವರು ಸುರಿಸಿ ಸೋತ ಗಾಡಿಯನ್ನು ಬಡಕಲು ಮೈಯ ಮುದುಕ ಮೆಕ್ಯಾನಿಕ್ಕರೊಬ್ಬರು ಒಂದೇ ತುಳಿತಕ್ಕೆ ಎಬ್ಬಿಸಿದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರಲ್ಲಿ ಹೆಚ್ಚಿಗೆ ಇದ್ದುದು ಬಲವಲ್ಲ, ಪಿಸ್ಟನ್ ಎಲ್ಲಿ ನಿಂತಿದೆಯೆಂಬ ಅರಿವು. ಬರೆಯಲು ಕುಳಿತವನಿಗೂ ಮೊದಲು ಬೇಕಾದುದು ಇದೇ: ನಿನ್ನೆ ತನ್ನ ವಿಚಾರವು ಎಲ್ಲಿ ನಿಂತಿತೆಂಬುದನ್ನು ಮೆಲ್ಲಗೆ ಒತ್ತಿ ನೋಡುವ ತಾಳ್ಮೆ. ನಿನ್ನೆಯ ಪುಟವನ್ನು ಓದದೆ ಇಂದಿನ ವಾಕ್ಯಕ್ಕೆ ಹಾರುವವನು ಏಟು ತಿನ್ನುತ್ತಾನೆ.

ಯಂತ್ರದ ಒಳಗಿನ ವ್ಯವಹಾರ ಇನ್ನೂ ವಿಚಾರಯೋಗ್ಯವಾದುದು. ಬುಲೆಟ್ಟಿನಂಥ ನಾಲ್ಕು ಸ್ಟ್ರೋಕಿನ ಇಂಜಿನ್ನಿನಲ್ಲಿ ಪಿಸ್ಟನ್ ಒಮ್ಮೆ ಗಾಳಿಯನ್ನೂ ಪೆಟ್ರೋಲನ್ನೂ ಹೀರುತ್ತದೆ, ಒಮ್ಮೆ ಅದುಮುತ್ತದೆ, ಒಮ್ಮೆ ಸಿಡಿತದ ಬಲದಿಂದ ಕೆಳಕ್ಕೆ ನೂಕಲ್ಪಡುತ್ತದೆ, ಒಮ್ಮೆ ಹೊಗೆಯನ್ನು ಹೊರಹಾಕುತ್ತದೆ. ಈ ನಾಲ್ಕು ನಡೆಗಳಲ್ಲಿ ಬಲವನ್ನು ಕೊಡುವುದು ಒಂದೇ, ಉಳಿದ ಮೂರೂ ಬಲವನ್ನು ಬೇಡುತ್ತವೆ. ಹಾಗಾದರೆ ಆ ಮೂರು ನಡೆಗಳನ್ನು ನಡೆಸುವವರು ಯಾರು? ಕಣ್ಣಿಗೆ ಕಾಣದಂತೆ ಒಳಗೆ ಸುತ್ತುತ್ತಿರುವ ತೂಕದ ಚಕ್ರ, ಮೆಕ್ಯಾನಿಕ್ಕರು ಫ್ಲೈವೀಲ್ ಎಂದು ಕರೆಯುವಂಥದು. ಒಂದು ಸಿಡಿತದ ಬಲವನ್ನು ಅದು ತನ್ನ ಭಾರದಲ್ಲಿ ಕೂಡಿಟ್ಟುಕೊಂಡು ಬರಡಾದ ಮೂರು ನಡೆಗಳನ್ನು ದಾಟಿಸಿ ಮುಂದಿನ ಸಿಡಿತದ ಬಾಗಿಲಿಗೆ ಪಿಸ್ಟನ್ನನ್ನು ತಂದು ನಿಲ್ಲಿಸುತ್ತದೆ. ಬುಲೆಟ್ಟಿನ ಈ ಚಕ್ರ ಭಾರವಾದುದು; ಅದರಿಂದಲೇ ಆ ಗಾಡಿ ಟಾಪ್ ಗೇರಿನಲ್ಲಿಯೂ ನಿಧಾನವಾಗಿ, ಒಂದೊಂದು ಸಿಡಿತವನ್ನೂ ಕಿವಿಯಿಂದ ಎಣಿಸಬಹುದಾದ ಗತಿಯಲ್ಲಿ, ನಿಂತುಹೋಗದೆ ಸಾಗಬಲ್ಲುದು. ನಾವು ಸ್ಫೂರ್ತಿಯೆಂದು ಕೊಂಡಾಡುವುದು ಆ ಒಂದು ಸಿಡಿತವನ್ನು. ಸ್ಫೂರ್ತಿ ಸುಳ್ಳೆಂದು ನಾನು ಹೇಳುತ್ತಿಲ್ಲ; ಅದಿಲ್ಲದೆ ಇಂಜಿನ್ನೇ ಇಲ್ಲ. ಆದರೆ ಓದು, ಮನನ, ಕಾಟುಹಾಕುವುದು, ತಿರುಗಿ ಬರೆಯುವುದು ಎಂಬ ಫಲ ತೋರದ ನಡೆಗಳನ್ನು ದಾಟಿಸತಕ್ಕ ಭಾರವೊಂದು ಒಳಗೆ ಸುತ್ತುತ್ತಿರದಿದ್ದರೆ, ಎಷ್ಟು ದೊಡ್ಡ ಸ್ಫೂರ್ತಿಯಾದರೂ ಒಂದೇ ಸದ್ದಿಗೆ ಮುಗಿದುಹೋಗುತ್ತದೆ.

ನಮ್ಮ ಪೂರ್ವಕವಿಗಳಲ್ಲಿ ಈ ಭಾರದ ಚಕ್ರವಾಗಿದ್ದುದು ಛಂದಸ್ಸು ಎಂದು ನನಗೆ ತೋರುತ್ತದೆ. ಭಾಮಿನೀ ಷಟ್ಪದಿಯನ್ನು ನೋಡಿ. ಮೂರು ಮಾತ್ರೆಯ ಗಣ, ಅದರ ಬೆನ್ನಿಗೆ ನಾಲ್ಕು ಮಾತ್ರೆಯ ಗಣ, ಮತ್ತೆ ಮೂರು, ಮತ್ತೆ ನಾಲ್ಕು. ಹೀಗೆ ಹದಿನಾಲ್ಕು ಮಾತ್ರೆಯ ಎರಡು ಪಾದಗಳು ಓಡಿ, ಮೂರನೆಯ ಪಾದ ಇಪ್ಪತ್ತಮೂರು ಮಾತ್ರೆಗಳವರೆಗೆ ಚಾಚಿ, ಕೊನೆಯ ಗುರುವಿನಲ್ಲಿ ಉಸಿರೆಳೆದುಕೊಂಡು, ಅದೇ ನಡಿಗೆಯನ್ನು ಪುನಃ ಹಿಡಿಯುತ್ತದೆ. ಒಂದು ಹೆಜ್ಜೆ ಗಿಡ್ಡ, ಒಂದು ಹೆಜ್ಜೆ ಉದ್ದ. ಈ ಅಸಮತೆಯಿಂದಾಗಿಯೇ ನಡುವೆ ನಿಲ್ಲಲು ಎಡೆಯಿಲ್ಲ, ಗಿಡ್ಡ ಹೆಜ್ಜೆ ಉದ್ದ ಹೆಜ್ಜೆಯನ್ನು ಕರೆಯುತ್ತಲೇ ಇರುತ್ತದೆ. ಕುಮಾರವ್ಯಾಸನು ಹತ್ತು ಪರ್ವಗಳ ಭಾರತವನ್ನು ನಡೆಸಿದುದು ಈ ನಡಿಗೆಯ ಮೇಲೆ. ಹಲಗೆ ಬಳಪ ಹಿಡಿಯದೆ, ಇಟ್ಟ ಪದವನ್ನು ಅಳಿಸದೆ ಬರೆದವನು ತಾನೆಂದು ಅವನು ಹೆಮ್ಮೆಯಿಂದ ಹೇಳಿಕೊಂಡುದನ್ನು ನಮ್ಮ ಕಿರಿಯರು ಲಹರಿಯ ಪರವಾದ ಸಾಕ್ಷ್ಯವೆಂದು ಮುಂದೊಡ್ಡುವುದುಂಟು. ನನಗೆ ಅದು ಲಯದ ಪರವಾದ ಸಾಕ್ಷ್ಯವಾಗಿ ಕಾಣುತ್ತದೆ. ಛಂದಸ್ಸು ರಕ್ತಗತವಾಗುವವರೆಗೆ ಎಷ್ಟು ವರ್ಷಗಳು ಸಂದವೋ, ಆ ವರ್ಷಗಳ ಭಾರವೆಲ್ಲ ಅಳಿಸದ ಆ ಪದದ ಹಿಂದೆ ಸುತ್ತುತ್ತಿತ್ತು.

ಇಲ್ಲಿ ಒಂದು ಆಕ್ಷೇಪಣೆಗೆ ಅವಕಾಶವಿದೆ, ಅದು ಬಲವಾದುದೂ ಹೌದು. ರಸ್ತೆಯ ಮೇಲೆ ಮನಸ್ಸು ಏಕಾಗ್ರವಾಗುವುದು ಪ್ರಾಣಭಯದಿಂದ. ತಿರುವಿನಲ್ಲಿ ಮಾಡಿದ ತಪ್ಪನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು. ವಾಕ್ಯವನ್ನಾದರೋ ಹೊಡೆದುಹಾಕಬಹುದು, ಎದ್ದು ಕಾಫಿ ಕುಡಿದು ಬರಬಹುದು, ನಾಳೆಗೆ ಮುಂದೂಡಬಹುದು. ಹೀಗಿರುವಾಗ ಇವೆರಡನ್ನು ಹೋಲಿಸುವುದು ನ್ಯಾಯವೇ? ಹೋಲಿಕೆ ಇಲ್ಲಿ ಮುರಿಯುತ್ತದೆಯೆಂದು ನಾನು ಒಪ್ಪುತ್ತೇನೆ. ಆದರೆ ಮುರಿದ ಜಾಗದಲ್ಲಿಯೇ ಒಂದು ತಿಳಿವಳಿಕೆ ಸಿಕ್ಕುತ್ತದೆ: ರಸ್ತೆ ತಾನಾಗಿ ಒದಗಿಸುವ ಅನಿವಾರ್ಯತೆಯನ್ನು ಬರಹಗಾರನು ತನಗೆ ತಾನೇ ಕಲ್ಪಿಸಿಕೊಳ್ಳಬೇಕಾಗುತ್ತದೆ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸನದೆಂದು ಒಂದು ಕಂಬವನ್ನು ಇಂದಿಗೂ ತೋರಿಸುತ್ತಾರೆ. ಅವನು ಮಿಂದು, ಒದ್ದೆ ಬಟ್ಟೆಯಲ್ಲಿಯೇ ಬಂದು, ಆ ಕಂಬಕ್ಕೆ ಒರಗಿ ಕುಳಿತು, ಬಟ್ಟೆ ಆರುವವರೆಗೆ ಮಾತ್ರ ಕಾವ್ಯವನ್ನು ಹೇಳುತ್ತಿದ್ದನೆಂಬುದು ಐತಿಹ್ಯ. ಇದರ ಚಾರಿತ್ರಿಕ ಸತ್ಯವನ್ನು ಶೋಧಿಸುವುದು ನನ್ನ ಉದ್ದೇಶವಲ್ಲ. ಈ ಕಥೆಯನ್ನು ಕಟ್ಟಿ ಉಳಿಸಿಕೊಂಡು ಬಂದ ಜನ ಕಾವ್ಯರಚನೆಯ ಒಂದು ಗುಟ್ಟನ್ನು ಬಲ್ಲವರಾಗಿದ್ದರೆಂಬುದಷ್ಟೇ ನನ್ನ ಮಾತು. ಮೈಗಂಟಿದ ಬಟ್ಟೆ ಗಳಿಗೆಗಳಿಗೆಗೂ ಆರುತ್ತಿದೆ, ಅಂಚಿನಿಂದ ಒಣಗುತ್ತ ಬರುತ್ತಿದೆ, ಎದ್ದುಹೋದರೆ ಇಂದಿನ ಪಾಲು ಹೋಯಿತು. ಇಂಥ ಎಲ್ಲೆಯೊಳಗೆ ಕುಳಿತವನಿಗೆ ಲಹರಿಯ ದಾರಿ ಕಾಯುವ ಪುರಸತ್ತೆಲ್ಲಿ?

ಇನ್ನು ಆರಂಭದ ತೊಡಕಿನ ಮಾತು. ಮೋಟಾರ್‌ಸೈಕಲ್ಲು ನಿಂತಾಗ ಬೀಳುತ್ತದೆ, ನಡಿಗೆಯ ವೇಗದಲ್ಲಿ ತೂರಾಡುತ್ತದೆ, ವೇಗ ಹಿಡಿದ ಮೇಲೆ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಮೊದಲ ಹತ್ತು ಮಾರು ದೂರದ ತೂರಾಟವನ್ನು ಕಂಡು ಯಾವ ಸವಾರನೂ ತನಗೆ ಗಾಡಿ ಬಿಡಲು ಬಾರದೆಂದು ಇಳಿದು ಮನೆಗೆ ಹೋಗುವುದಿಲ್ಲ. ಬರಹಗಾರನು ಮಾತ್ರ ಮೊದಲ ಪ್ಯಾರಾ ತೂರಾಡಿದೊಡನೆ ತನ್ನಲ್ಲಿ ಪ್ರತಿಭೆಯಿಲ್ಲವೆಂದು ತೀರ್ಪು ಕೊಟ್ಟುಕೊಂಡು ಏಳುತ್ತಾನೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಹದಿನಾಲ್ಕು ತಿರುವುಗಳಲ್ಲಿ ಸವಾರನು ಕಲಿಯುವ ಮೊದಲ ಪಾಠವೆಂದರೆ ಕಣ್ಣು ಹೋದಲ್ಲಿಗೆ ಗಾಡಿ ಹೋಗುತ್ತದೆಯೆಂಬುದು; ತಿರುವಿನ ಗುಂಡಿಯನ್ನೇ ದಿಟ್ಟಿಸಿದವನು ಅದರೊಳಗೇ ಇಳಿಯುತ್ತಾನೆ, ತಿರುವು ಮುಗಿಯುವೆಡೆಯನ್ನು ನೋಡಿದವನು ಗುಂಡಿಯ ಪಕ್ಕದಲ್ಲಿ ಹಾದುಹೋಗುತ್ತಾನೆ. ಬರೆದ ವಾಕ್ಯದ ಕುಂದಿನ ಮೇಲೆ ಕಣ್ಣು ನೆಟ್ಟು ಕುಳಿತವನ ಲೇಖನವೂ ಆ ಕುಂದಿನಿಂದ ಮೇಲೇಳುವುದಿಲ್ಲ.

ಲಯವೆಂಬ ಪದಕ್ಕೆ ನಮ್ಮ ಭಾಷೆಯಲ್ಲಿ ಎರಡು ಅರ್ಥಗಳಿವೆ: ಕಾಲದ ಸಮಗತಿ ಒಂದು, ಕರಗಿಹೋಗುವುದು ಇನ್ನೊಂದು. ಗತಿ ಸಮವಾದಾಗ ನಡೆಯುವವನು ಆ ನಡೆಯಲ್ಲಿ ಕರಗುತ್ತಾನೆಂಬ ಅನುಭವವನ್ನೇ ಒಂದು ಪದದೊಳಗೆ ಅಡಗಿಸಿಟ್ಟಂತಿದೆ. ವೇಗದಲ್ಲಿರುವ ಗಾಡಿಯನ್ನು ಬಲಕ್ಕೆ ತಿರುಗಿಸಬೇಕಾದರೆ ಬಲಗೈಯ ಹಿಡಿಯನ್ನೇ ಮೆಲ್ಲಗೆ ಮುಂದಕ್ಕೆ ಒತ್ತಬೇಕು; ಅಂದರೆ ಚಕ್ರ ಮೊದಲು ಎಡಕ್ಕೆ ಸರಿಯಬೇಕು. ಇದನ್ನು ದಿನವೂ ಮಾಡುತ್ತಿರುವ ಸವಾರರಲ್ಲಿ ಬಹುಮಂದಿಗೆ ತಾವು ಹೀಗೆ ಮಾಡುತ್ತಿದ್ದೇವೆಂಬುದೇ ತಿಳಿಯದು. ಅರಿವು ಕೈಯೊಳಗೆ ಕರಗಿದೆ. ಬರವಣಿಗೆಯಲ್ಲಿಯೂ ಪದವು ಬೇಕೆನ್ನುವ ಮೊದಲೇ ಬಂದು ಕುಳಿತಿರುವ, ವಾಕ್ಯವು ತನ್ನ ಕ್ರಿಯಾಪದವನ್ನು ತಾನೇ ಹುಡುಕಿಕೊಳ್ಳುವ ಗಳಿಗೆಗಳಿವೆ. ನನ್ನ ಜೀವನದ ಶುದ್ಧವಾದ ಸಂತೋಷಗಳನ್ನು ಎಣಿಸಹೊರಟರೆ ಅಂಥ ಗಳಿಗೆಗಳೇ ಮೊದಲು ಬರುತ್ತವೆ.

ಆದರೆ ಆ ಸಂತೋಷವು ಬರವಣಿಗೆಯ ಗುಣಕ್ಕೆ ಪ್ರಮಾಣವಾಗಲಾರದು. ಈ ತನ್ಮಯತೆಯನ್ನು ‘ಫ್ಲೋ’ ಎಂಬ ಹೆಸರಿನಿಂದ ಶಾಸ್ತ್ರೀಯವಾಗಿ ಅಧ್ಯಯನ ಮಾಡಿ, 1975ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅದನ್ನು ನಿರೂಪಿಸಿದ ಮನೋವಿಜ್ಞಾನಿ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ ಅವರು ಬಂಡೆಯೇರುವವರನ್ನೂ ಚದುರಂಗದಾಟಗಾರರನ್ನೂ ಶಸ್ತ್ರವೈದ್ಯರನ್ನೂ ವಿಚಾರಿಸಿ, ಎದುರಿಗಿರುವ ಸವಾಲೂ ಒಳಗಿರುವ ಕೌಶಲವೂ ಸರಿತೂಗಿದಾಗ ಅದು ಒದಗುತ್ತದೆಯೆಂದು ಕಂಡರು. ಮುಂದೆ 1988ರಲ್ಲಿ, ಅವರೇ ಸಹಸಂಪಾದಕರಾಗಿದ್ದ ಸಂಕಲನವೊಂದರಲ್ಲಿ ಇಕುಯಾ ಸಾಟೊ ಎಂಬ ಸಮಾಜಶಾಸ್ತ್ರಜ್ಞರು ಜಪಾನಿನ ‘ಬೋಸೋಜೋಕು’ಗಳೆಂಬ ಪುಂಡ ಮೋಟಾರ್‌ಸೈಕಲ್ ತಂಡಗಳಲ್ಲಿಯೂ ಅದೇ ತನ್ಮಯತೆಯನ್ನು ಗುರುತಿಸಿದರು. ಶಸ್ತ್ರವೈದ್ಯನಿಗೂ ಬೀದಿಯ ಶಾಂತಿಯನ್ನು ಕದಡುವ ಹುಡುಗನಿಗೂ ಸಮಾನವಾಗಿ ಒದಗುವ ಅನುಭವವು ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ. ಲಯದಲ್ಲಿ ಬರೆದೆನೆಂಬ ಕಾರಣಕ್ಕೆ ನಾನು ಕೆಟ್ಟ ಪುಟವನ್ನು ಬರೆದಿರಲಾರೆನೆಂದು ಹೇಳಲಾಗದು. ಬರೆದಿದ್ದೇನೆ.

ಈ ಅಪಾಯವನ್ನು ಹತ್ತನೆಯ ಶತಮಾನದ ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಸ್ಪಷ್ಟವಾಗಿ ಕಂಡಿದ್ದನು. ಕವಿಯ ಹಗಲನ್ನು ಅವನು ನಾಲ್ಕು ಪ್ರಹರಗಳಾಗಿ ವಿಭಾಗಿಸುತ್ತಾನೆ: ಮೊದಲನೆಯದು ಅಧ್ಯಯನಕ್ಕೆ, ಎರಡನೆಯದು ರಚನೆಗೆ, ಮೂರನೆಯದು ಭೋಜನಾನಂತರದ ಕಾವ್ಯಗೋಷ್ಠಿಗೆ, ನಾಲ್ಕನೆಯದು ಬೆಳಗ್ಗೆ ಬರೆದುದರ ಪರೀಕ್ಷೆಗೆ. ರಸಾವೇಶದಲ್ಲಿ ಬರೆಯುತ್ತಿರುವವನಿಗೆ ವಿವೇಚಿಸುವ ಕಣ್ಣಿರುವುದಿಲ್ಲ, ಆದುದರಿಂದ ಪರೀಕ್ಷೆಗೆ ಬೇರೆಯೇ ಹೊತ್ತು ಬೇಕು ಎಂಬುದು ಅವನ ಅಭಿಪ್ರಾಯ. ಎಂಥ ಉದಾರವಾದ ವ್ಯವಸ್ಥೆ! ಎರಡನೆಯ ಪ್ರಹರದಲ್ಲಿ ಯಾವ ಸಂಶಯವೂ ಕೈಹಿಡಿದು ನಿಲ್ಲಿಸುವಂತಿಲ್ಲ. ನಾಲ್ಕನೆಯ ಪ್ರಹರದಲ್ಲಿ ಯಾವ ಮಮತೆಯೂ ಅಡ್ಡಬರುವಂತಿಲ್ಲ. ನಮ್ಮಲ್ಲಿ ಬರವಣಿಗೆ ಕುಂಟುವುದು ಬಹುಮಟ್ಟಿಗೆ ಈ ಎರಡು ಹೊತ್ತುಗಳನ್ನು ನಾವು ಒಂದರ ಮೇಲೊಂದು ಹೇರಿಕೊಂಡಿರುವುದರಿಂದ, ಎಡಗೈಯಲ್ಲಿ ಕ್ಲಚ್ಚನ್ನೂ ಬಲಗೈಯಲ್ಲಿ ಬ್ರೇಕನ್ನೂ ಹಿಡಿದುಕೊಂಡೇ ಎಕ್ಸಲೇಟರು ತಿರುಗಿಸುತ್ತಿರುವುದರಿಂದ.

ಅದೇ ರಾಜಶೇಖರನು ಕವಿತ್ವಕ್ಕೆ ಎಂಟು ಮಂದಿ ತಾಯಂದಿರನ್ನು ಹೇಳಿ, ಆರೋಗ್ಯ ಪ್ರತಿಭೆ ಅಭ್ಯಾಸಗಳೊಡನೆ ಎಂಟನೆಯದಾಗಿ ‘ಅನಿರ್ವೇದ’ವನ್ನೂ, ಎದೆಗುಂದದಿರುವಿಕೆಯನ್ನೂ, ಸೇರಿಸಿದ್ದಾನೆ. ಈ ಅನಿರ್ವೇದದ ಬೆಲೆಯನ್ನು ನನಗೆ ಕಾಣಿಸಿದವನು ಒಬ್ಬ ಸವಾರ. ಅಮೆರಿಕದ ರಾಬರ್ಟ್ ಪಿರ್ಸಿಗ್ 1968ರಲ್ಲಿ ಮಗನನ್ನು ಹಿಂದೆ ಕೂರಿಸಿಕೊಂಡು ಹೊಂಡಾ ಮೋಟಾರ್‌ಸೈಕಲ್ಲಿನ ಮೇಲೆ ಮಿನ್ನೆಸೋಟಾದಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಆ ಪ್ರವಾಸದಿಂದ ಒಂದು ತತ್ತ್ವಗ್ರಂಥವನ್ನು ತೆಗೆದ. ಇಂಜಿನ್ನಿನ ಮುಚ್ಚಳದ ಒಂದು ಸ್ಕ್ರೂ ಕಚ್ಚಿಕೊಂಡು ಬಿಚ್ಚಲು ಬಾರದಾದಾಗ ಕವಡೆ ಬೆಲೆಯ ಆ ಸ್ಕ್ರೂ ಇಡೀ ಗಾಡಿಯಷ್ಟೇ ಬೆಲೆಯುಳ್ಳದ್ದಾಗುತ್ತದೆಯೆಂದು ಅವನು ತೋರಿಸುವ ಭಾಗವನ್ನು, ವಾಕ್ಯವೊಂದು ಕಚ್ಚಿಕೊಂಡು ಕುಳಿತಾಗಲೆಲ್ಲ ನಾನು ನೆನೆಯುತ್ತೇನೆ. ಕೋಪದಿಂದ ತಿರುಪಿದರೆ ಸ್ಕ್ರೂವಿನ ತಲೆಯ ಸೀಳು ಸವೆದುಹೋಗುತ್ತದೆ. ಬೇಸರದಿಂದ ಬಿಟ್ಟರೆ ಗಾಡಿ ಅಲ್ಲೇ ನಿಲ್ಲುತ್ತದೆ. ಆಗ ಬೇಕಾದುದು ಆ ಎಂಟನೆಯ ತಾಯಿಯ ಕೃಪೆ. ಪಿರ್ಸಿಗ್‌ನ ಪುಸ್ತಕವನ್ನು 121 ಪ್ರಕಾಶಕರು ನಿರಾಕರಿಸಿದ ಮೇಲೆ 1974ರಲ್ಲಿ ಅದು ಅಚ್ಚಾಯಿತು.

ಮಲೆನಾಡಿನಲ್ಲಿ ಬ್ಯಾಟರಿ ಸೋತ ಗಾಡಿಯುಳ್ಳವರು ರಾತ್ರಿ ಅದನ್ನು ನಿಲ್ಲಿಸುವಾಗ ಒಂದು ಉಪಾಯ ಮಾಡುತ್ತಾರೆ: ಸಮತಟ್ಟಾದ ಅಂಗಳವನ್ನು ಬಿಟ್ಟು, ಇಳಿಜಾರಿಗೆ ಮುಖಮಾಡಿಸಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಒಂದು ಕಲ್ಲು ಕೊಟ್ಟು ನಿಲ್ಲಿಸುತ್ತಾರೆ. ಬೆಳಗ್ಗೆ ಕಲ್ಲು ತೆಗೆದು, ಕ್ಲಚ್ ಹಿಡಿದು ಉರುಳಬಿಟ್ಟು, ವೇಗ ಬಂದೊಡನೆ ಕ್ಲಚ್ ಬಿಟ್ಟರೆ ಇಂಜಿನ್ನು ಎಚ್ಚರಗೊಳ್ಳುತ್ತದೆ. ನಾನು ದಿನದ ಬರವಣಿಗೆಯನ್ನು ಪ್ಯಾರಾ ಮುಗಿಯುವಲ್ಲಿ ನಿಲ್ಲಿಸುವುದನ್ನು ಬಿಟ್ಟು ಕೆಲವು ವರ್ಷಗಳಾದುವು. ಮುಂದಿನ ಪದ ಯಾವುದೆಂದು ಗೊತ್ತಿರುವಾಗಲೇ, ವಾಕ್ಯದ ನಡುವೆಯೇ, ಲೇಖನಿಯನ್ನು ಕೆಳಗಿಡುತ್ತೇನೆ. ಲಹರಿಯ ದಾರಿ ಕಾಯುತ್ತಿರುವ ಕಿರಿಯ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೆ: ಇಂದು ರಾತ್ರಿ ಅರ್ಧ ವಾಕ್ಯವನ್ನು ಬರೆದಿಟ್ಟು ಮಲಗಿ, ನಾಳೆ ಸ್ನಾನವಾದೊಡನೆ, ತಲೆಯ ಒದ್ದೆ ಆರುವ ಮೊದಲೇ, ಬಂದು ಅದನ್ನು ಮುಗಿಸಿರಿ.